ಕ್ರಿಂಜ್ ಅಂದರೆ ಬೋರ್ ಅಲ್ಲ

ಹೋದ ವಾರ ಕುಂಬಳೆ ಹತ್ತಿರ ಒಂದು ತಾಳಮದ್ದಳೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕುಂತಿ ತನ್ನ ತಾಯಿ ಅಂತ ತಿಳಿದ ಕರ್ಣನ ಮಾತು. ಅರ್ಥ ಹೇಳುತ್ತಿದ್ದವರ ದನಿ ಕಟ್ಟಿತು. ಪಕ್ಕದಲ್ಲಿದ್ದ ಅಕ್ಕನ ಮಗ ಮೊಬೈಲಿನಿಂದ ತಲೆ ಎತ್ತದೆ "ಕ್ರಿಂಜ್" ಅಂದ. "ಯಾಕೆ, ನಿನಗೆ ನಾಚಿಕೆ ಆಯ್ತಾ?" ಅಂತ ಕೇಳಿದೆ. "ನಾಚಿಕೆ ಯಾಕೆ ಮಾವ? ಬೋರ್ ಆಯ್ತು, ಅಷ್ಟೆ."

ಅಷ್ಟೇ ಆದರೆ ಅದು ಕ್ರಿಂಜ್ ಅಲ್ಲ. ಮೊದಲು ಮಲಯಾಳ ರೀಲ್ಸ್‌ನಲ್ಲಿ ಕೇಳುತ್ತಿದ್ದ ಈ ಇಂಗ್ಲಿಷ್ ಪದ ಈಗ ನಮ್ಮ ಮಕ್ಕಳ ಕನ್ನಡದಲ್ಲೂ ತುಳುವಿನಲ್ಲೂ ಓಡಾಡುತ್ತಿದೆ. ಅಜ್ಜಿಯ ಸೀರೆ ಕ್ರಿಂಜ್, ಮಾಷ್ಟ್ರ ಅಕ್ಷರ ಕ್ರಿಂಜ್, ಪತ್ರೊಡೆಯೂ ಕ್ರಿಂಜ್. ಏಳು ಭಾಷೆಯ ಕಾಸರಗೋಡಿಗೆ ಇನ್ನೊಂದು ಪದ ಬಂದರೆ ಭಾರವೇನಿಲ್ಲ. ಆದರೆ ಬಂದ ಪದದ ಒಳಗೆ ಏನಿದೆ ಅಂತ ನೋಡಬೇಕು ಅಲ್ವಾ?

ಒಳಗಿರುವುದು ಬಾಗುವ ಮೈ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಕ್ರಿಂಗನ್'. ಸಾವಿರ ವರ್ಷದ ಹಿಂದಿನ ಯುದ್ಧಗೀತೆಗಳಲ್ಲಿ ಗಾಯಗೊಂಡ ವೀರ ಕಣದಲ್ಲಿ ಕುಸಿದು ಬೀಳುವುದಕ್ಕೆ ಈ ಪದ ಬಳಸುತ್ತಿದ್ದರು. ಬೈಕ್ ಮೆಕ್ಯಾನಿಕ್ ಹೇಳುವ ಕ್ರ್ಯಾಂಕ್, ಜವಳಿ ಅಂಗಡಿಯ ಕ್ರಿಂಕಲ್ ಸೀರೆ, ಎರಡೂ ಇದೇ ಬಳಗದವು. ಒಂದು ಬಾಗಿದ ಕಬ್ಬಿಣ, ಇನ್ನೊಂದು ಸುಕ್ಕುಗಟ್ಟಿದ ಬಟ್ಟೆ. 16ನೇ ಶತಮಾನದ ಹೊತ್ತಿಗೆ ಕ್ರಿಂಜ್ ಅಂದರೆ ದೊಡ್ಡವರ ಮುಂದೆ ಭಯದಿಂದಲೋ ಆಸೆಯಿಂದಲೋ ಬೆನ್ನು ಬಗ್ಗಿಸಿ ಕುಗ್ಗುವುದು ಅಂತಾಯಿತು. ನಮ್ಮ 'ಹಲ್ಲುಗಿಂಜು' ಇದಕ್ಕೆ ಎಷ್ಟು ಹತ್ತಿರ ನೋಡಿ! ಸದ್ದು ಹೋಲುವುದು ಆಕಸ್ಮಿಕ, ನಂಟೇನೂ ಇಲ್ಲ. ಆದರೂ ನೆನಪಿಟ್ಟುಕೊಳ್ಳಲು ಒಳ್ಳೆಯದು. ಮುಜುಗರದಿಂದ ಮುದುಡುವುದು ಅನ್ನುವ ಅರ್ಥ ಬಂದದ್ದು ಆಮೇಲೆ.

ಆ ಮುದುಡುವಿಕೆ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಒಂದು ಮದುವೆಯಲ್ಲಿ ನಮ್ಮ ನೆಂಟರೊಬ್ಬರು ಮೈಕ್ ಹಿಡಿದು ಮದುಮಗನನ್ನು ಬೇರೆಯೇ ಹೆಸರಿನಿಂದ ಹರಸಿದರು. ಒಂದಲ್ಲ, ಮೂರು ಸಲ. ತಪ್ಪು ನನ್ನದಲ್ಲ. ಆದರೂ ಚಪ್ಪಲಿಯೊಳಗೆ ನನ್ನ ಕಾಲ್ಬೆರಳು ಮಡಚಿಕೊಂಡವು. ಭುಜ ಕಿವಿಯವರೆಗೆ ಏರಿತು, ಕಣ್ಣು ತಾನಾಗಿ ಮುಚ್ಚಿತು. ತೋಟದ ದಾರಿಯ ನಾಚಿಕೆಮುಳ್ಳನ್ನು ಬೆರಳು ತಾಗಿಸಿದರೆ ಎಲೆ ಜೋಡಿ ಜೋಡಿಯಾಗಿ ಮಡಚುತ್ತದಲ್ಲ, ಹಾಗೆ. ಅದು ಕ್ರಿಂಜ್.

ಇದರ ಅಕ್ಕಪಕ್ಕದ ಪದಗಳನ್ನೂ ಸುಮ್ನೆ ಒಂದೇ ಚೀಲಕ್ಕೆ ತುಂಬುತ್ತಾರೆ. ವಿಕೆಟ್ ಕೀಪರ್ ಮಾಡುವುದು ಕ್ರೌಚ್. ಚೆಂಡಿಗಾಗಿ ಬೇಕೆಂದೇ ಮೈ ತಗ್ಗಿಸಿ ಕಾಯುತ್ತಾನೆ, ಅದರಲ್ಲಿ ನಾಚಿಕೆಯ ಮಾತೇ ಇಲ್ಲ. ಕಾಗದವನ್ನು ಮುಷ್ಟಿಯಲ್ಲಿ ಹಿಸುಕಿ ಮುದ್ದೆ ಮಾಡಿದರೆ ಸ್ಕ್ರಂಚ್. ಹುಡುಗಿಯರು ಕೂದಲಿಗೆ ಹಾಕುವ ಸ್ಕ್ರಂಚಿ ಕೂಡ ಅದರಿಂದಲೇ, ಬಟ್ಟೆಯ ನೆರಿಗೆ ನೋಡಿದರೆ ತಿಳಿಯುತ್ತದೆ. ಕ್ರೌಚ್ ನಾವು ಮಾಡುವುದು, ಸ್ಕ್ರಂಚ್ ಇನ್ನೊಂದಕ್ಕೆ ಮಾಡುವುದು. ಕ್ರಿಂಜ್ ಮಾತ್ರ ನಮಗೆ ಆಗುವುದು. ಕನ್ನಡದಲ್ಲಿ ಈ ವ್ಯತ್ಯಾಸ ಕ್ರಿಯಾಪದದಲ್ಲೇ ಇದೆ: ಮುದುಡಿಸು ಬೇರೆ, ಮುದುಡು ಬೇರೆ.

ಈಗ ಇಂಗ್ಲಿಷಿನವರೂ ವೀಡಿಯೊವನ್ನೋ ಮಾತನ್ನೋ ಕ್ರಿಂಜ್ ಅನ್ನುತ್ತಾರೆ, ನಿಜ. ಅದು ಸರಿಯೇ. ಆದರೆ ಅಲ್ಲೂ ನೋಡಿದವನಿಗೆ ಮುಜುಗರ ಆಗಿರಬೇಕು. ಬರೀ ಹಳತು, ನಿಧಾನ, ನನಗೆ ಹಿಡಿಸಲಿಲ್ಲ ಅನ್ನುವುದಕ್ಕೆಲ್ಲ ಆ ಪದ ಸಲ್ಲದು. ಅವಕ್ಕೆ ನಮ್ಮಲ್ಲಿ ಬೇಕಾದಷ್ಟು ಮಾತಿದೆ. ರುಚಿಸದಿದ್ದರೆ ಸಪ್ಪೆ ಅನ್ನಿ. ಜಾಸ್ತಿ ಅನಿಸಿದರೆ ಅತಿಯಾಯಿತು ಅನ್ನಿ. ಕರ್ಣನ ಮಾತು ಉದ್ದವಾಯಿತೇ? ಎಳೆದರು ಅನ್ನಿ, ಅರ್ಥಧಾರಿಗಳೂ ಒಪ್ಪಿಯಾರು.