ಕುಡಿತ ಬಿಡಿಸುವ ಶಿಬಿರದಲ್ಲಿ ಹೆಂಗಸರು ಯಾಕೆ ಕಾಣುವುದಿಲ್ಲ?

ಮದ್ಯವರ್ಜನ ಶಿಬಿರ ಅಂದರೆ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಊರಿನ ಯಾವುದೋ ಭವನದಲ್ಲಿ ಶಿಬಿರ ನಡೆಯುತ್ತದೆ. ಕುಡಿತ ಬಿಡಬೇಕು ಅಂದುಕೊಂಡವರು ಒಂದು ವಾರ ಅಲ್ಲೇ ಉಳಿಯುತ್ತಾರೆ. ಯೋಗ, ಭಜನೆ, ಬುದ್ಧಿಮಾತು, ಡಾಕ್ಟರ ತಪಾಸಣೆ ಎಲ್ಲ ಇರುತ್ತದೆ. ಕೊನೆಯ ದಿನ ಹೆಂಡತಿ ಮಕ್ಕಳು ಬಂದು ಕರೆದುಕೊಂಡು ಹೋಗುತ್ತಾರೆ. ಇದರಿಂದ ನೆಟ್ಟಗಾದ ಸಂಸಾರಗಳು ಎಷ್ಟೋ ಇವೆ. ಆದರೆ ಅಲ್ಲಿ ಸಾಲಾಗಿ ಕೂತವರು ಹೆಚ್ಚುಕಮ್ಮಿ ಗಂಡಸರೇ. ಹೆಂಗಸರು ಬರುವುದು ಕುಡುಕನ ಹೆಂಡತಿಯಾಗಿ, ತಾಯಿಯಾಗಿ. ರೋಗಿಯಾಗಿ ಅಲ್ಲ.

ಕುಡಿಯುವ ಹೆಂಗಸರು ನಮ್ಮಲ್ಲಿಲ್ಲ ಅಂತಲ್ಲ. ಚಿಕಿತ್ಸೆಯ ಏರ್ಪಾಟು ಶುರುವಿನಿಂದಲೂ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ಬೆಳೆಯಿತು.

ಮದ್ಯ ಕೊಡಗಿಗೆ ಹೊಸದಲ್ಲ. ಹಿರಿಯರಿಗೆ ಮೀದಿ ಇಡುವಾಗ ಎಡೆಯಲ್ಲಿ ಅದೂ ಇರುತ್ತದೆ. ಮದುವೆ ಮನೆಯಲ್ಲಿ, ಹಬ್ಬದಲ್ಲಿ ಇರುತ್ತದೆ. ಮನೆಯಲ್ಲೇ ವೈನ್ ಮಾಡುವವರೂ ಇದ್ದಾರೆ. ಇದನ್ನೆಲ್ಲ ಚಟ ಅಂತ ಕರೆಯುವುದು ತಪ್ಪು. ಆದರೆ ಇದರಿಂದ ಒಂದು ತೊಂದರೆ ಇದೆ. ಮನೆಯ ಹೆಣ್ಣುಮಗಳು ಹಬ್ಬದ ಲೋಟ ದಾಟಿ ದಿನಾ ಕುಡಿಯುವ ಮಟ್ಟಕ್ಕೆ ಹೋದರೂ, ಅದು ಯಾವಾಗ ಕಾಯಿಲೆಯಾಯಿತು ಅಂತ ಯಾರೂ ಗುರುತಿಸುವುದಿಲ್ಲ. ಗುರುತಿಸಿದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮದುವೆಗೆ ಯಾಕೆ ಬಂದಿಲ್ಲ ಅಂತ ಕೇಳಿದರೆ 'ಹುಷಾರಿಲ್ಲ' ಅನ್ನುವ ಉತ್ತರ ಬರುತ್ತದೆ, ಅಷ್ಟೇ.

ತೋಟದ ಲೈನ್ ಮನೆಗಳ ಕತೆ ಬೇರೆ. 19ನೇ ಶತಮಾನದ ನಡುವಿನಲ್ಲಿ ಯುರೋಪಿಯನ್ನರು ಇಲ್ಲಿ ದೊಡ್ಡ ಕಾಫಿ ತೋಟಗಳನ್ನು ಮಾಡಿದರು. ಕೂಲಿಗೆ ಎರವರು, ಕುರುಬರು ಬಂದರು, ಹೊರಗಿನಿಂದಲೂ ಜನ ಬಂದರು. ಸಾಲು ಮನೆ, ಬಟವಾಡೆಯ ದಿನ, ಸಂತೆ, ಸಂತೆಯ ಪಕ್ಕದಲ್ಲೇ ಸಾರಾಯಿ. ಈ ಜೋಡಣೆ ತಲೆಮಾರುಗಳ ಕಾಲ ಹಾಗೇ ನಡೆಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ಬ್ರಾಂಡಿ, ವಿಸ್ಕಿಯ 90 ಎಂಎಲ್ ಪ್ಯಾಕೆಟ್ ಬಂತು. ಜೇಬಿನಲ್ಲೂ ಹಿಡಿಯುತ್ತದೆ, ಸೀರೆಯ ಸೆರಗಿನಲ್ಲೂ ಹಿಡಿಯುತ್ತದೆ.

ಲೈನ್ ಮನೆಯ ಹೆಂಗಸು ಗಂಡಸಿನಷ್ಟೇ ಹೊತ್ತು ದುಡಿಯುತ್ತಾಳೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದ್ದು ಇಡೀ ದಿನ ನೆನೆಯುತ್ತಾಳೆ. ಮೈಕೈ ನೋವು, ಥಂಡಿ, ರಾತ್ರಿ ಗಂಡನ ಹೊಡೆತ. ಒಂದು ಗುಟುಕಿಗೆ ನಿದ್ದೆ ಬರುತ್ತದೆ ಅನ್ನುವುದು ಅವಳಿಗೆ ಬೇಗ ಗೊತ್ತಾಗುತ್ತದೆ. ಕಾಫಿ ಕುಯಿಲಿನ ಕಾಲಕ್ಕೆ ಇದು ಎದ್ದು ಕಾಣುತ್ತದೆ. ಅರೇಬಿಕಾದಲ್ಲಿ ಹಣ್ಣಾದದ್ದನ್ನೇ ನೋಡಿ ಬಿಡಿಸಬೇಕು, ಕಾಯಿ ಕೀಳಬಾರದು. ಬೆರಳು ನಿಲ್ಲಬೇಕು. ದಿನಾ ಕುಡಿಯುವವರ ಕೈ ಬೆಳಿಗ್ಗೆ ನಡುಗುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ. ನಡುಗುವ ಕೈಯಲ್ಲಿ ಚೀಲ ತುಂಬುವುದಿಲ್ಲ, ನಡುಕ ನಿಲ್ಲಿಸಲು ಮತ್ತೆ ಒಂದು ಗುಟುಕು ಬೇಕು. ಇದನ್ನು 'ಸೊಕ್ಕು' ಅನ್ನುವ ಮೇಸ್ತ್ರಿಗಳಿದ್ದಾರೆ. ಡಾಕ್ಟರ ಭಾಷೆಯಲ್ಲಿ ಅದು ಮದ್ಯ ಇಳಿಯುವಾಗ ಬರುವ ಕಾಯಿಲೆಯ ಲಕ್ಷಣ.

ಈಗ ಚಿಕಿತ್ಸೆಯ ಕಡೆಗೆ ಬರೋಣ. ಕುಡಿತ ಬಿಡಬೇಕು ಅನ್ನುವವರು ಒಟ್ಟಾಗಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್. ಅಮೆರಿಕದಲ್ಲಿ 1935ರಲ್ಲಿ ಶುರುವಾಗಿ 1957ರಲ್ಲಿ ಭಾರತಕ್ಕೆ ಬಂತು. 1980ರಲ್ಲಿ ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಒಂದು ಚಿಕಿತ್ಸಾ ಕೇಂದ್ರ ಕಟ್ಟಿದರು. ಕುಡಿತದಿಂದ ತೀರಿಕೊಂಡ ಗಂಡನ ಹೆಸರನ್ನೇ ಅದಕ್ಕೆ ಇಟ್ಟರು. ದಕ್ಷಿಣ ಭಾರತದ ಚಿಕಿತ್ಸೆಯ ಕತೆಯಲ್ಲಿ ಅದು ದೊಡ್ಡ ಹೆಜ್ಜೆ, ಮತ್ತು ಅದನ್ನು ಇಟ್ಟದ್ದು ಒಬ್ಬ ಹೆಣ್ಣು. 1985-86ರಲ್ಲಿ ಕೇಂದ್ರ ಸರ್ಕಾರ ವ್ಯಸನಮುಕ್ತಿ ಕೇಂದ್ರ ನಡೆಸುವ ಸಂಘ ಸಂಸ್ಥೆಗಳಿಗೆ ಅನುದಾನ ಕೊಡುವ ಯೋಜನೆ ತಂತು. 1990ರ ದಶಕದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಶಿಬಿರಗಳು ಹಳ್ಳಿಗಳಿಗೆ ಬಂದವು, ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳೂ ಆದವು.

ಈ ಎಲ್ಲದರ ಹಿಂದೆ ಹೆಂಗಸರ ಕಣ್ಣೀರಿದೆ. ಹೋರಾಟದಲ್ಲೂ ಅವರೇ ಮುಂದೆ. 1992ರಲ್ಲಿ ಆಂಧ್ರದ ದೂಬಗುಂಟದಲ್ಲಿ ಸಾರಾಯಿ ವಿರುದ್ಧ ಎದ್ದವರು ಹೆಂಗಸರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಕ್ಕಾಗಿ ನಡೆದುಕೊಂಡು ಬಂದವರೂ ಹೆಂಗಸರು. ನನಗೆ ಅವರ ಮೇಲೆ ದೊಡ್ಡ ಗೌರವವಿದೆ. ಆದರೂ ಒಂದು ಮಾತು ಹೇಳಬೇಕು. ಕುಡಿತದ ವಿರುದ್ಧ ನಿಂತವಳೇ ಹೆಣ್ಣು ಅಂತ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟ ಮೇಲೆ, ಕುಡಿಯುವ ಹೆಣ್ಣಿಗೆ ನಿಲ್ಲಲು ಜಾಗವೇ ಇಲ್ಲದಾಯಿತು. ಗಂಡಸು ಕುಡಿದರೆ ಚಟ, ಹೆಂಗಸು ಕುಡಿದರೆ ನಡತೆ ಸರಿಯಿಲ್ಲ. ಹೀಗಿರುವಾಗ ಯಾರು ತಾನೇ ಸಹಾಯ ಕೇಳಲು ಮುಂದೆ ಬರುತ್ತಾರೆ?

ಲೆಕ್ಕವೂ ಅವಳ ವಿರುದ್ಧವೇ ಕೆಲಸ ಮಾಡಿತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಹದಿನೇಳು ಗಂಡಸರಿಗೆ ಒಬ್ಬ ಹೆಂಗಸು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತಲೂ ಅದೇ ವರದಿ ಹೇಳುತ್ತದೆ. ಮನೆ ಬಾಗಿಲಿಗೆ ಬಂದು ಪ್ರಶ್ನೆ ಕೇಳಿದವರ ಮುಂದೆ ಎಷ್ಟು ಹೆಂಗಸರು ಹೌದು ಅಂದಿರಬಹುದು, ನೀವೇ ಯೋಚಿಸಿ. ಹೊಗೆಸೊಪ್ಪಿನ ವಿಷಯದಲ್ಲಿ ಮುಚ್ಚುಮರೆ ಕಡಿಮೆ. 2016-17ರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 10.3ರಷ್ಟು ಹೆಂಗಸರು ತಂಬಾಕು ಬಳಸುತ್ತಾರೆ ಅಂತ ಬಂತು. ಎಲೆ ಅಡಿಕೆ ಚೀಲದಲ್ಲಿರುವ ಹೊಗೆಸೊಪ್ಪನ್ನು ನಾವು ಯಾರೂ ಚಟ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ?

ಸಂಖ್ಯೆ ಕಡಿಮೆ ಅಂತ ಸುಮ್ನೆ ಬಿಡುವ ಹಾಗಿಲ್ಲ. ಹೆಣ್ಣಿನ ಮೈಯಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ತೂಕದ ಗಂಡಸು ಕುಡಿದಷ್ಟೇ ಕುಡಿದರೂ ಅವಳ ರಕ್ತದಲ್ಲಿ ಮದ್ಯ ಜಾಸ್ತಿ ಸೇರುತ್ತದೆ. ಕುಡಿಯಲು ಶುರುಮಾಡಿದ ದಿನದಿಂದ ಲಿವರ್ ಕೆಡುವ ದಿನದವರೆಗಿನ ದಾರಿ ಅವಳಿಗೆ ಗಿಡ್ಡ. ಬಸಿರಿಯಾಗಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಅದು ತಟ್ಟುತ್ತದೆ. ಇಷ್ಟಿದ್ದೂ ತಾಯಿ ಕಾರ್ಡ್ ಮಾಡಿಸಲು ಬಂದವಳನ್ನು ಕುಡಿತದ ಬಗ್ಗೆ ಮೆಲ್ಲಗೆ, ಒಬ್ಬಳನ್ನೇ ಕೂರಿಸಿ ಕೇಳುವವರು ವಿರಳ.

ಮನೆಯಲ್ಲೇ ಬಿಡಿಸುತ್ತೇವೆ ಅಂತ ಕೂಡಿ ಹಾಕುವುದು ಅಪಾಯ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ನಡುಕ, ಬೆವರು, ವಾಂತಿ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣಿಸಿ, ಬಡಬಡಿಸಿ, ಜೀವಕ್ಕೇ ಕುತ್ತು ಬರಬಹುದು. ಆಸ್ಪತ್ರೆಯಲ್ಲಾದರೆ ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಬಿ1 ವಿಟಮಿನ್ ಚುಚ್ಚುತ್ತಾರೆ. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿಗಳನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಮದ್ಯದ ಜೊತೆ ಸೇರಿದರೆ ಮೈಗೆ ಆಗದ ಡೈಸಲ್ಫಿರಾಂ ಅನ್ನುವ ಔಷಧಿ ಇದ್ದು, ಆಕೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಬಹುದು.

ಹದಿಹರೆಯದ ಹೆಣ್ಣುಮಕ್ಕಳ ವಿಷಯ ಇನ್ನೂ ಹೊಸದು. ಅದೇ 2019ರ ವರದಿಯಲ್ಲಿ ಮೂಸುವ ವಸ್ತುಗಳ ಬಳಕೆ ದೊಡ್ಡವರಲ್ಲಿ ಶೇ. 0.58 ಇದ್ದರೆ, 10ರಿಂದ 17 ವರ್ಷದವರಲ್ಲಿ ಶೇ. 1.17 ಇತ್ತು. ಅಂಟು, ವೈಟ್ನರ್, ಥಿನ್ನರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಾಮಾನು. ಗಾಂಜಾದ ಸುದ್ದಿಯೂ ಜಿಲ್ಲೆಯಲ್ಲಿ ಆಗಾಗ ಕೇಳುತ್ತದೆ. ಹುಡುಗ ಸಿಕ್ಕಿಬಿದ್ದರೆ ಅಪ್ಪ ಬೈದು ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಹುಡುಗಿ ಸಿಕ್ಕಿಬಿದ್ದರೆ ಓದು ನಿಲ್ಲುತ್ತದೆ, ಮದುವೆಯ ಮಾತು ಶುರುವಾಗುತ್ತದೆ. 2014ರಲ್ಲಿ ಬಂದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಾದಕ ವಸ್ತುವಿನ ವಿಷಯವೂ ಸೇರಿದೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದು ಇಂಥ ಮಕ್ಕಳಿಗಾಗಿಯೇ. ಮಗುವಿನ ಕೈಗೆ ಮದ್ಯ ಅಥವಾ ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಶಿಕ್ಷೆ ಆಗುವುದು ಆ ವಸ್ತು ಕೊಟ್ಟವರಿಗೆ, ಹುಡುಗಿಗಲ್ಲ. ಇದು ಶಾಲೆಗಳಿಗೂ ಹಾಸ್ಟೆಲ್‌ಗಳಿಗೂ ಸರಿಯಾಗಿ ಗೊತ್ತಾಗಬೇಕು.

ಕಾನೂನು ಈಗ ಹೆಂಗಸರ ಪರವಾಗಿಯೇ ಇದೆ. 2018ರ ಮೇ ತಿಂಗಳಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ತಾಯಿ ದಾಖಲಾದರೆ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡಬಾರದು. ಹದಿನೆಂಟರ ಒಳಗಿನ ಹುಡುಗಿಯನ್ನು ದೊಡ್ಡವರ ಜೊತೆ ಇಡಬಾರದು, ಅವಳ ಜೊತೆಗೆ ಗಂಡಸೇ ಬಂದಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸು ಇರಲೇಬೇಕು. ಈ ಎರಡು ಮಾತು ಕಾಗದದಿಂದ ವಾರ್ಡಿಗೆ ಇಳಿದರೆ ಅರ್ಧ ಭಯ ಹೋಗುತ್ತದೆ. ಈಗ ಹೆಂಗಸರಿಗೆ ಪ್ರತ್ಯೇಕ ವಾರ್ಡ್ ಅಂದರೆ ಎಲ್ಲರೂ ತೋರಿಸುವುದು ಬೆಂಗಳೂರಿನ ನಿಮ್ಹಾನ್ಸ್ ಕಡೆಗೆ. ಮಡಿಕೇರಿಯಿಂದ ಸುಮಾರು 260 ಕಿಲೋಮೀಟರ್. ಕೂಸು, ಕೂಲಿ, ಮನೆ ಎಲ್ಲ ಬಿಟ್ಟು ಯಾವ ತೋಟದ ಹೆಂಗಸು ಅಷ್ಟು ದೂರ ಹೋದಾಳು? ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ತಾಯಿ ಮಗು ಒಟ್ಟಿಗೆ ಇರಬಹುದಾದ ನಾಲ್ಕು ಮಂಚ, ರಾತ್ರಿ ಪಾಳಿಗೂ ಮಹಿಳಾ ಸಿಬ್ಬಂದಿ, ಹೊರಗಿನಿಂದ ಹೆಸರು ಕಾಣದ ಒಂದು ಬಾಗಿಲು. ಇಷ್ಟು ಕೇಳುವುದು ಜಾಸ್ತಿ ಅಲ್ಲ.

ಮಾತಾಡಲು ಶುರುಮಾಡುವುದಕ್ಕೆ ಫೋನ್ ಸಾಕು. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವುದು 14446, ಮಕ್ಕಳಿಗೆ 1098.

ಇನ್ನು ತಾಲ್ಲೂಕು ಆಸ್ಪತ್ರೆಗಳ ಮಾತು. 2014ರಿಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ಅಲ್ಲಿಗೆ ಬರುವ ಏರ್ಪಾಟಾಯಿತು. ಒಳ್ಳೆಯ ಕೆಲಸ. ಆದರೆ ಮಂಗಳವಾರ ತೋಟದಲ್ಲಿ ಕೆಲಸದ ದಿನ. ಹೋದರೆ ಕೂಲಿ ಹೋಯಿತು, ಯಾಕೆ ಹೋದೆ ಅಂತ ಮೇಸ್ತ್ರಿಗೂ ಹೇಳಬೇಕು. ಭಾನುವಾರ ಗೋಣಿಕೊಪ್ಪದ ಸಂತೆಗೆ ಸುತ್ತಲಿನ ತೋಟಗಳಿಂದ ಜೀಪು ತುಂಬಾ ಹೆಂಗಸರು ಬರುತ್ತಾರೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ದಕ್ಷಿಣ ಕೊಡಗಿನಲ್ಲಿ ಮಹಿಳಾ ಡಾಕ್ಟರು, ಒಬ್ಬ ಆಪ್ತಸಮಾಲೋಚಕಿ ಕೂರಬೇಕಾದ ದಿನ ಅದು.