ಓದುಗರ ಪ್ರಶ್ನೆ: ಅಮೆರಿಕದವರಿಗೆ ಸಾಕರ್ ಯಾಕೆ ಅಷ್ಟಕ್ಕಷ್ಟೆ?

ಪ್ರಶ್ನೆ: ಮಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಹೋದ ವರ್ಷ ಆರು ತಿಂಗಳು ಇದ್ದು ಬಂದೆ. ಹತ್ತು ವರ್ಷದ ಮೊಮ್ಮಗಳು ಪ್ರತಿ ಶನಿವಾರ ಸಾಕರ್ ಆಡಲು ಹೋಗುತ್ತಾಳೆ, ಮೈದಾನದ ತುಂಬ ಮಕ್ಕಳೋ ಮಕ್ಕಳು. ಭಾನುವಾರ ಬಂತೆಂದರೆ ನನ್ನ ಮಗನೂ ಸೇರಿ ಎಲ್ಲರೂ ಟಿವಿಯಲ್ಲಿ ನೋಡುವುದು ಆ ಮೊಟ್ಟೆಯಂಥ ಚೆಂಡಿನ ಆಟ. ಪ್ರಪಂಚವೇ ಹುಚ್ಚೆದ್ದು ನೋಡುವ ಫುಟ್‌ಬಾಲ್ ಇವರಿಗೆ ಯಾಕೆ ಬೇಡ? ಮೊಮ್ಮಗಳು ದೊಡ್ಡವಳಾದ ಮೇಲೂ ಇದನ್ನೇ ಆಡುತ್ತೇನೆ ಅನ್ನುತ್ತಾಳೆ. ಅದರಿಂದ ಏನಾದರೂ ಪ್ರಯೋಜನ ಇದೆಯೇ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಇದಕ್ಕೆ ರೆಡಿಮೇಡ್ ಉತ್ತರಗಳು ಬೇಕಾದಷ್ಟಿವೆ. ಗೋಲು ಕಡಿಮೆ, ಪಂದ್ಯ ಡ್ರಾ ಆಗುತ್ತದೆ, ಅಮೆರಿಕದವರಿಗೆ ತಾಳ್ಮೆ ಇಲ್ಲ. ನನಗೆ ಇವು ಯಾವುವೂ ಒಪ್ಪಿಗೆಯಿಲ್ಲ. ಬೇಸ್‌ಬಾಲ್ ಪಂದ್ಯಕ್ಕೆ ಹೋಗಿ ಗಂಟೆಗಟ್ಟಲೆ ಕಡಲೆಕಾಯಿ ಸುಲಿಯುತ್ತಾ ಕೂರುವ ಜನಕ್ಕೆ ತಾಳ್ಮೆ ಇಲ್ಲ ಅನ್ನುವುದು ಹೇಗೆ?

ಇದು ನಮ್ಮ ಬಸ್‌ಸ್ಟ್ಯಾಂಡಿನ ಲೆಕ್ಕ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಟವೆಲ್ ಹಾಕಿದವನದ್ದೇ ಸೀಟು. ಸಾಕರ್ ತಡವಾಗಿ ಬಂದು ಸೀಟು ಸಿಗದೆ ನಿಂತಿತು ಅಂದುಕೊಳ್ಳಬೇಡಿ. ಎಲ್ಲರಿಗಿಂತ ಮೊದಲೇ ಬಂದು ಟವೆಲ್ ಹಾಕಿತ್ತು, ಆಮೇಲೆ ಸೀಟು ಕಳೆದುಕೊಂಡಿತು. ಈ ಕತೆಯ ಅರ್ಧದಷ್ಟು ನಡೆದಿರುವುದು ನಿಮ್ಮ ಮಗನ ಮನೆಯ ಆಸುಪಾಸಿನಲ್ಲೇ.

ಎಡಿಸನ್‌ನಿಂದ ಕೆಲವೇ ಮೈಲಿ ಆಚೆ ನ್ಯೂ ಬ್ರನ್ಸ್‌ವಿಕ್. ಅಲ್ಲಿನ ರಟ್‌ಗರ್ಸ್ ಕಾಲೇಜಿನ ಹುಡುಗರು 1869ರ ನವೆಂಬರ್ 6ರಂದು ಪ್ರಿನ್ಸ್‌ಟನ್‌ನವರ ಎದುರು ಒಂದು ಪಂದ್ಯ ಆಡಿದರು. ತಂಡಕ್ಕೆ 25 ಜನ. ಗುರುತಿಗೆ ಸಮವಸ್ತ್ರ ಇರಲಿಲ್ಲ, ರಟ್‌ಗರ್ಸ್‌ನ ಕೆಲವರು ಕೆಂಪು ಬಟ್ಟೆಯನ್ನು ರುಮಾಲಿನ ಹಾಗೆ ತಲೆಗೆ ಸುತ್ತಿಕೊಂಡಿದ್ದರು. ಚೆಂಡು ದುಂಡಗಿತ್ತು. ಅದನ್ನು ಎತ್ತಿಕೊಂಡು ಓಡುವಂತಿರಲಿಲ್ಲ, ಎಸೆಯುವಂತೆಯೂ ಇರಲಿಲ್ಲ. ರಟ್‌ಗರ್ಸ್ 6-4ರಲ್ಲಿ ಗೆದ್ದಿತು. ಮೊಟ್ಟೆ ಚೆಂಡಿನ ಆ ಅಮೆರಿಕನ್ ಫುಟ್‌ಬಾಲ್‌ನ ಮೊದಲ ಕಾಲೇಜು ಪಂದ್ಯ ಅಂತ ಇದನ್ನೇ ಕೊಂಡಾಡುತ್ತಾರೆ. ನಿಯಮ ನೋಡಿದರೆ ಅದು ಇವತ್ತಿನ ಸಾಕರ್‌ನ ಅಣ್ಣನೋ ತಮ್ಮನೋ ಇದ್ದ ಹಾಗಿದೆ.

ಆಟ ದಿಕ್ಕು ಬದಲಿಸಿದ್ದು ಹಾರ್ವರ್ಡ್‌ನಿಂದ. 1873ರಲ್ಲಿ ಉಳಿದ ಕಾಲೇಜುಗಳು ಕಾಲಾಟದ ನಿಯಮಗಳನ್ನು ಬರೆದುಕೊಳ್ಳಲು ನ್ಯೂಯಾರ್ಕ್‌ನಲ್ಲಿ ಸೇರಿದಾಗ ಹಾರ್ವರ್ಡ್ ಹೋಗಲಿಲ್ಲ. ಅವರ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದಿತ್ತು, ಅದನ್ನು ಬಿಡಲು ಮನಸ್ಸಿಲ್ಲ. ಆಡಲು ಜೊತೆ ಬೇಕಲ್ಲ, ಕೆನಡಾದ ಮಾಂಟ್ರಿಯಲ್‌ನಿಂದ ಮೆಗಿಲ್ ವಿಶ್ವವಿದ್ಯಾಲಯದವರನ್ನು ಕರೆಸಿದರು. 1874ರ ಮೇನಲ್ಲಿ ಒಂದು ದಿನ ಹಾರ್ವರ್ಡ್ ನಿಯಮ, ಮರುದಿನ ಮೆಗಿಲ್‌ನವರ ರಗ್ಬಿ ನಿಯಮ. ರಗ್ಬಿ ಹಾರ್ವರ್ಡ್ ಹುಡುಗರ ತಲೆಗೆ ಹತ್ತಿತು. ಹಾರ್ವರ್ಡ್ ಏನು ಮಾಡಿದರೂ ಉಳಿದವರೂ ಅದನ್ನೇ ಮಾಡಬೇಕು, ಆ ಕಾಲದ ರೂಢಿ. 1876ರಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಸಭೆ ಸೇರಿ ರಗ್ಬಿ ನಿಯಮಗಳನ್ನೇ ಒಪ್ಪಿಕೊಂಡರು. ಯೇಲ್‌ನ ವಾಲ್ಟರ್ ಕ್ಯಾಂಪ್ ಮುಂದಿನ ಕೆಲ ವರ್ಷಗಳಲ್ಲಿ ಅದನ್ನು ತಿದ್ದಿ ತೀಡಿ, ನಿಮ್ಮ ಮಗ ಭಾನುವಾರ ನೋಡುವ ಆಟದ ಅಡಿಪಾಯ ಹಾಕಿದ.

ಬೇಸಿಗೆಯನ್ನು ಅಷ್ಟರಲ್ಲಾಗಲೇ ಬೇಸ್‌ಬಾಲ್ ಹಿಡಿದಿತ್ತು, ಅದರ ನ್ಯಾಷನಲ್ ಲೀಗ್ ಶುರುವಾದದ್ದೂ 1876ರಲ್ಲೇ. ಶರತ್ಕಾಲ ಕಾಲೇಜು ಫುಟ್‌ಬಾಲ್‌ಗೆ ಹೋಯಿತು. ಉಳಿದಿದ್ದ ಚಳಿಗಾಲಕ್ಕೆ 1891ರಲ್ಲಿ, ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದರು. ವರ್ಷದ ಕ್ಯಾಲೆಂಡರ್ ಭರ್ತಿ. ಮೂರೂ ಆಟಕ್ಕೆ ‘ಇದು ನಮ್ಮದು’ ಅನ್ನುವ ಮುದ್ರೆ ಬಿತ್ತು. ಇಂಗ್ಲೆಂಡಿನಿಂದ ಬಂದ ಸಾಕರ್ ವಲಸೆಗಾರರ ಆಟವಾಗಿ ಉಳಿಯಿತು.

(ಸಾಕರ್ ಎಂಬ ಪದ ಅಮೆರಿಕದವರ ಸೃಷ್ಟಿ ಅಂತ ಅವರನ್ನು ಹಂಗಿಸುವವರಿಗೆ ಒಂದು ಮಾತು: ಅದು ಆಕ್ಸ್‌ಫರ್ಡ್ ಹುಡುಗರ ಆಡುಮಾತು. ‘ಅಸೋಸಿಯೇಷನ್ ಫುಟ್‌ಬಾಲ್’ನಲ್ಲಿನ ‘ಸಾಕ್’ ಎಂಬ ತುಂಡಿಗೆ ಬಾಲ ಅಂಟಿಸಿ ಕರೆದದ್ದು.)

ವಲಸೆಗಾರರ ಆಟ ಅಂದೆ, ಸಣ್ಣ ಆಟ ಅನ್ನಲಿಲ್ಲ. ನ್ಯೂಜೆರ್ಸಿಯ ಕೆರ್ನಿ ಊರಿಗೆ ಸ್ಕಾಟ್ಲೆಂಡಿನ ಕ್ಲಾರ್ಕ್ ಕಂಪನಿ ನೂಲಿನ ಗಿರಣಿ ತಂದಾಗ ಕೆಲಸಗಾರರ ಜೊತೆ ಚೆಂಡೂ ಬಂತು. 1880ರ ದಶಕದಲ್ಲೇ ಆ ಗಿರಣಿಯದೊಂದು ಗಟ್ಟಿ ತಂಡವಿತ್ತು. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್, ಪೆನ್ಸಿಲ್ವೇನಿಯಾದ ಉಕ್ಕಿನ ಊರು ಬೆತ್ಲೆಹೆಮ್, ಸೇಂಟ್ ಲೂಯಿಸ್‌ನಲ್ಲೂ ಇದೇ ಕತೆ. 1921ರಲ್ಲಿ ಶುರುವಾದ ಅಮೆರಿಕನ್ ಸಾಕರ್ ಲೀಗ್ ಕೈತುಂಬ ಸಂಬಳ ತೋರಿಸಿ ಸ್ಕಾಟ್ಲೆಂಡಿನ ಆಟಗಾರರನ್ನು ಸೆಳೆಯುತ್ತಿತ್ತು. 1930ರ ಮೊದಲ ವಿಶ್ವಕಪ್‌ನಲ್ಲಿ ಅಮೆರಿಕ ಸೆಮಿಫೈನಲ್ ತಲುಪಿತು. ವಿಶ್ವಕಪ್‌ನ ಮೊಟ್ಟಮೊದಲ ಹ್ಯಾಟ್ರಿಕ್ ಫಾಲ್ ರಿವರ್‌ನ ಬರ್ಟ್ ಪೆಟೆನಾಡ್ ಹೆಸರಿನಲ್ಲಿದೆ.

ಅಷ್ಟು ಹೊತ್ತಿಗೆ ಮನೆ ಒಳಗಿನಿಂದ ಸುಟ್ಟುಹೋಗಿತ್ತು. 1928ರಲ್ಲಿ ಲೀಗ್‌ಗೂ ರಾಷ್ಟ್ರೀಯ ಸಂಸ್ಥೆಗೂ ಜಗಳ ಹತ್ತಿತು. ನಿಮ್ಮ ಕಪ್ ಪಂದ್ಯಾವಳಿ ನಮ್ಮ ಸೀಸನ್ ನಡುವೆ ಬರುತ್ತದೆ, ಆಡುವುದಿಲ್ಲ ಎಂದಿತು ಲೀಗ್. ಆಡಿದ ಕ್ಲಬ್ಬುಗಳನ್ನು ಲೀಗ್ ಹೊರಹಾಕಿತು, ಲೀಗನ್ನೇ ಸಂಸ್ಥೆ ಹೊರಹಾಕಿತು, ಪೈಪೋಟಿಗೆ ಇನ್ನೊಂದು ಲೀಗ್ ಹುಟ್ಟಿತು. ರಾಜಿಯಾಗುವಾಗ 1929 ಮುಗಿಯುತ್ತಾ ಬಂದಿತ್ತು, ವಾಲ್‌ಸ್ಟ್ರೀಟ್ ಷೇರುಪೇಟೆ ಕುಸಿದಿತ್ತು. ಗಿರಣಿಗಳು ಮುಚ್ಚಿದವು, ಗಿರಣಿಯ ತಂಡಗಳೂ ಮುಚ್ಚಿದವು. ನನ್ನನ್ನು ಕೇಳಿದರೆ, ಸಾಕರ್ ಅಮೆರಿಕವನ್ನು ಕಳೆದುಕೊಂಡದ್ದು 1876ರಲ್ಲಿ ಅರ್ಧ, ಈ ಒಂದು ವರ್ಷದ ಜಗಳದಲ್ಲಿ ಇನ್ನರ್ಧ.

ಅಲ್ಲಿಂದಾಚೆಗೆ ಆಟಕ್ಕೆ ಎಂಥ ಗ್ರಹಣ ಹಿಡಿಯಿತು ಅನ್ನುವುದಕ್ಕೆ 1950ರ ವಿಶ್ವಕಪ್ ಸಾಕ್ಷಿ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕ 1-0ರಿಂದ ಇಂಗ್ಲೆಂಡನ್ನು ಸೋಲಿಸಿತು. ಗೋಲ್‌ಕೀಪರ್ ಫ್ರಾಂಕ್ ಬೋರ್ಗಿ ಊರಲ್ಲಿ ಶವವಾಹನ ಓಡಿಸುತ್ತಿದ್ದವನು. ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿಯಿಂದ ಓದಲು ಬಂದು, ನ್ಯೂಯಾರ್ಕ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವನು. ಆ ಪಂದ್ಯಕ್ಕೆ ಅಮೆರಿಕದಿಂದ ಹೋಗಿದ್ದ ವರದಿಗಾರ ಒಬ್ಬನೇ ಒಬ್ಬ, ಅವನೂ ರಜೆ ಹಾಕಿ ಸ್ವಂತ ಖರ್ಚಿನಲ್ಲಿ ಹೋಗಿದ್ದ. ಅದರ ನಂತರ ಅಮೆರಿಕ ವಿಶ್ವಕಪ್‌ಗೆ ಮತ್ತೆ ಅರ್ಹತೆ ಪಡೆದದ್ದು 1990ಕ್ಕೆ. (1950ರ ಆ ಪಂದ್ಯಾವಳಿಗೆ ನಾವೂ ಹೋಗಬೇಕಿತ್ತು, ಹೋಗಲಿಲ್ಲ. ಅದು ಬೇರೆಯೇ ಕತೆ.)

ಆಮೇಲೆ ಬಂತು ಟಿವಿ. ಅಮೆರಿಕನ್ ಫುಟ್‌ಬಾಲ್ ಲೆಕ್ಕಕ್ಕೆ 60 ನಿಮಿಷದ ಆಟ, ಮುಗಿಯಲು ಮೂರು ಗಂಟೆ ಬೇಕು, ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಉಳಿದದ್ದೆಲ್ಲ ನಿಲ್ಲುವುದು, ಗುಂಪುಗೂಡಿ ಮಾತಾಡುವುದು. ಜಾಹೀರಾತಿನವರಿಗೆ ಹಬ್ಬ. ಸಾಕರ್ ಶುರುವಾದರೆ 45 ನಿಮಿಷ ನಿಲ್ಲುವುದೇ ಇಲ್ಲ. 1967ರಲ್ಲಿ ಒಂದು ಹೊಸ ಲೀಗನ್ನು ಟಿವಿಗೆ ತಂದಾಗ ಏನಾಯಿತು ಗೊತ್ತೇ? ಒಂದು ಪಂದ್ಯದಲ್ಲಿ ರೆಫರಿ ಊದಿದ 21 ಫೌಲ್‌ಗಳ ಪೈಕಿ 11 ಜಾಹೀರಾತಿಗೆ ಬಿಡುವು ಕೊಡಲೆಂದೇ ಊದಿದ್ದು. ಇದನ್ನು ಆ ರೆಫರಿಯೇ ಒಪ್ಪಿಕೊಂಡರು.

1975ರಲ್ಲಿ ನ್ಯೂಯಾರ್ಕ್ ಕಾಸ್ಮೋಸ್ ತಂಡ ಪೆಲೆಯನ್ನೇ ಕರೆತಂದಿತು. ಎರಡು ವರ್ಷದ ಮೇಲೆ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂನಲ್ಲಿ ಒಂದೇ ಪಂದ್ಯಕ್ಕೆ 77,691 ಜನ ಸೇರಿದರು. (ಅದೇ ವರ್ಷ ಇದೇ ತಂಡ ಕೋಲ್ಕತ್ತಕ್ಕೆ ಬಂದು ಮೋಹನ್ ಬಾಗಾನ್ ಜೊತೆ 2-2 ಡ್ರಾ ಮಾಡಿಕೊಂಡು ಹೋಯಿತು.) ಉಳಿದ ಕ್ಲಬ್ಬುಗಳೂ ಸಾಲ ಮಾಡಿ ತುಪ್ಪ ತಿನ್ನಲು ಹೊರಟವು. 1984ರ ಸೀಸನ್ ಮುಗಿದ ಮೇಲೆ ಅವರೆಲ್ಲ ಆಡುತ್ತಿದ್ದ ಲೀಗ್ ಬಾಗಿಲು ಹಾಕಿತು.

ಇನ್ನು ನಿಮ್ಮ ಪ್ರಶ್ನೆಯ ಗಂಟು: ಇಷ್ಟೊಂದು ಮಕ್ಕಳು ಆಡಿದರೂ ಯಾಕೆ ನೋಡುವುದಿಲ್ಲ? ಆಡುವುದು ಬೇರೆ, ಅಭಿಮಾನ ಬೇರೆ. ಅಭಿಮಾನ ಮನೆಯಿಂದ ಬರುತ್ತದೆ, ಅಪ್ಪ ಟಿವಿ ಮುಂದೆ ಯಾರನ್ನು ಬೈಯುತ್ತಾನೋ ಮಗನೂ ಅವರನ್ನೇ ಬೈಯುತ್ತಾನೆ. ನೀವು ನೋಡಿದ ಶನಿವಾರದ ಮೈದಾನ ಅಪ್ಪ ಅಮ್ಮಂದಿರು ಕಾರಿನಲ್ಲಿ ಬಿಟ್ಟು, ಮಡಚುವ ಕುರ್ಚಿ ಹಾಕಿಕೊಂಡು ಕೂತು, ಬಿಡುವಿನಲ್ಲಿ ಕಿತ್ತಳೆ ಹೋಳು ಹಂಚುವ ಜಾಗ. ಅದು ಸಂಗೀತದ ಕ್ಲಾಸಿದ್ದ ಹಾಗೆ. ಕ್ಲಾಸಿಗೆ ಹೋದ ಮಕ್ಕಳೆಲ್ಲ ಕಛೇರಿಗೆ ಟಿಕೆಟ್ ಕೊಳ್ಳುತ್ತಾರೆಯೇ? ಸಾಲದ್ದಕ್ಕೆ ಒಳ್ಳೆಯ ಕ್ಲಬ್ಬಿಗೆ ಸೇರಿಸಿದರೆ ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ. ಬ್ರೆಜಿಲ್‌ನಲ್ಲಿ ಬಡ ಹುಡುಗನ ಆಟವಾಗಿದ್ದದ್ದು ಅಮೆರಿಕದಲ್ಲಿ ಅನುಕೂಲಸ್ಥರ ಬಡಾವಣೆಯ ಆಟವಾಗಿದೆ.

ನಾವೇನೂ ನಗಬೇಕಿಲ್ಲ. 54 ವರ್ಷಗಳ ನಂತರ, 2023ರಲ್ಲಿ, ಕರ್ನಾಟಕ ಫುಟ್‌ಬಾಲ್‌ನ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ಮಾತು ಬಂತು?

ಈಗ ಗಾಳಿ ತಿರುಗುತ್ತಿದೆ ಎನ್ನುವುದನ್ನೂ ಹೇಳಬೇಕು. 1994ರ ವಿಶ್ವಕಪ್ ಅಮೆರಿಕದಲ್ಲಿ ನಡೆದಾಗ ಒಟ್ಟು 35 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ಆ ತಂಡದ ಗೋಲ್‌ಕೀಪರ್ ಟೋನಿ ಮಿಯೋಲಾ, ಮಿಡ್‌ಫೀಲ್ಡರ್ ಜಾನ್ ಹಾರ್ಕ್ಸ್ ಇಬ್ಬರೂ ಹಳೆಯ ಗಿರಣಿಯೂರು ಕೆರ್ನಿಯ ಹುಡುಗರು. 1996ರಲ್ಲಿ 10 ತಂಡಗಳೊಂದಿಗೆ ಆರಂಭವಾದ ಮೇಜರ್ ಲೀಗ್ ಸಾಕರ್‌ನಲ್ಲಿ 2025ಕ್ಕೆ 30 ತಂಡಗಳಾದವು, ಮೆಸ್ಸಿ ಬಂದು ಮಯಾಮಿಯಲ್ಲಿ ನೆಲೆಸಿದ. ಗ್ಯಾಲಪ್ ಸಂಸ್ಥೆ 2017ರಲ್ಲಿ ನೋಡಲು ಇಷ್ಟದ ಆಟ ಯಾವುದು ಎಂದು ಕೇಳಿದಾಗ ಅಮೆರಿಕನ್ ಫುಟ್‌ಬಾಲ್ ಅಂದವರು ಶೇ 37, ಬೇಸ್‌ಬಾಲ್ ಶೇ 9, ಸಾಕರ್ ಶೇ 7. ಆಗ ಬೇಸ್‌ಬಾಲ್‌ನ ಬೆನ್ನ ಹಿಂದೆಯೇ ನಿಂತಿತ್ತು ಅಂತಾಯಿತು. ಮೆಕ್ಸಿಕೊ ಮೂಲದ ಮನೆಗಳಲ್ಲಂತೂ ಇದು ಎಂದೂ ‘ಬೇಡದ ಆಟ’ ಆಗಿರಲೇ ಇಲ್ಲ.

ಕೊನೆಗೆ ಮೊಮ್ಮಗಳ ಮಾತು. ಅವಳು ಹುಡುಗಿ, ಅದರಲ್ಲೇ ಉತ್ತರ ಇದೆ. ಇಂಗ್ಲೆಂಡ್ 1921ರಲ್ಲಿ ಹೆಂಗಸರ ಫುಟ್‌ಬಾಲ್‌ಗೆ ತನ್ನ ಕ್ಲಬ್ಬುಗಳ ಮೈದಾನ ಮುಚ್ಚಿ ಸುಮಾರು 50 ವರ್ಷ ತೆರೆಯಲಿಲ್ಲ, ಬ್ರೆಜಿಲ್ 1941ರಲ್ಲಿ ಕಾನೂನಿನಿಂದಲೇ ತಡೆಯಿತು. ಅಮೆರಿಕದಲ್ಲಿ ಸಾಕರ್ ಗಂಡಸರ ಪ್ರತಿಷ್ಠೆಯ ಆಟವೇ ಆಗಿರಲಿಲ್ಲವಲ್ಲ, ಕಾಯುವವರು ಇರಲಿಲ್ಲ, ಹುಡುಗಿಯರು ಸಲೀಸಾಗಿ ಒಳಗೆ ಬಂದರು. ‘ಟೈಟಲ್ ನೈನ್’ ಎಂಬ 1972ರ ಕಾನೂನಿನಿಂದಾಗಿ ಕಾಲೇಜುಗಳು ಹೆಣ್ಣುಮಕ್ಕಳ ಕ್ರೀಡೆಗೂ ಸಮನಾದ ಅವಕಾಶ ಕೊಡಬೇಕಾಯಿತು, ಸಾಕರ್ ತಂಡಗಳು ಎದ್ದವು, ಸ್ಕಾಲರ್‌ಶಿಪ್ ಬಂತು. ಫಲ: ನಾಲ್ಕು ಮಹಿಳಾ ವಿಶ್ವಕಪ್, 1991, 1999, 2015, 2019. 1999ರ ಫೈನಲ್ ನೋಡಲು ರೋಸ್ ಬೌಲ್ ಸ್ಟೇಡಿಯಂನಲ್ಲಿ ಕೂತವರು 90,185 ಮಂದಿ.

ಆದ್ದರಿಂದ ಪ್ರಯೋಜನ ಇದೆ. ಆದರೆ ಸ್ಕಾಲರ್‌ಶಿಪ್ ಬೆರಳೆಣಿಕೆ, ಕ್ಲಬ್ಬಿನ ಶುಲ್ಕ ನಿಶ್ಚಿತ, ಮಗನಿಗೆ ಇದನ್ನೂ ಹೇಳಿ. ಮುಂದಿನ ಸಲ ಹೋದಾಗ ಎಡಿಸನ್‌ನಲ್ಲಿ ರೈಲು ಹತ್ತಿ ನ್ಯೂವರ್ಕ್‌ನಲ್ಲಿ ಇಳಿಯಿರಿ. ಅಲ್ಲಿ ಪಾತ್ ರೈಲು ಹಿಡಿದರೆ ಮುಂದಿನ ನಿಲ್ದಾಣವೇ ಹ್ಯಾರಿಸನ್, ಕೆರ್ನಿಯ ಪಕ್ಕದ ಊರು. ಮಹಿಳಾ ಲೀಗಿನ ಗೋಥಮ್ ತಂಡ ಆಡುವುದು ಅಲ್ಲಿಯೇ. ಮೊಮ್ಮಗಳ ಜೊತೆ ಮಗನನ್ನೂ ಎಬ್ಬಿಸಿಕೊಂಡು ಹೋಗಿ.