ಕಂಟ್ರೋಲ್-ಝಡ್ ಫೈಲಿನ ಕೊನೆಯಲ್ಲ

ಪ್ರಶ್ನೆ: ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಇದ್ದ ಹಳೆಯ ಕಂಪ್ಯೂಟರ್‌ಗಳಲ್ಲಿ ಫೈಲ್ ಎಲ್ಲಿಗೆ ಮುಗಿಯಿತೆಂದು ತಿಳಿಯುತ್ತಿದ್ದುದು ಕೊನೆಯಲ್ಲಿರುವ ಕಾಣದ ಅಕ್ಷರ ಕಂಟ್ರೋಲ್-ಝಡ್‌ನಿಂದ ತಾನೇ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ತಪ್ಪಿದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

1974ರಲ್ಲಿ ಗ್ಯಾರಿ ಕಿಲ್ಡಾಲ್ ಸಿಪಿ/ಎಂ ರೂಪಿಸಿದಾಗ ಎದುರಿಗಿದ್ದದ್ದು 8 ಇಂಚಿನ ಫ್ಲಾಪಿ. ಅದರ ಸೆಕ್ಟರ್ ಒಂದಕ್ಕೆ, ಅಂದರೆ ಒಮ್ಮೆಗೆ ಓದುವ ತುಣುಕಿಗೆ, 128 ಬೈಟ್. ಅದೇ ಅಳತೆಯಾಯಿತು, ಹೆಸರು ರೆಕಾರ್ಡ್. ಡೈರೆಕ್ಟರಿಯಲ್ಲಿ, ಅಂದರೆ ಡಿಸ್ಕಿನ ಫೈಲ್ ಪಟ್ಟಿಯಲ್ಲಿ, ಚಿಕ್ಕ ಫೈಲಿಗೆ 32 ಬೈಟ್‌ಗಳ ಒಂದು ನಮೂದು, ಅದರೊಳಗೆ ಒಂದು ಬೈಟ್‌ನಲ್ಲಿ ರೆಕಾರ್ಡ್‌ಗಳ ಎಣಿಕೆ. ನೀವು 300 ಬೈಟ್‌ನ ಕಾಗದ ಬರೆದಿಟ್ಟರೆ ಡಿಸ್ಕ್‌ಗೆ ಗೊತ್ತಿರುವುದು ‘3 ರೆಕಾರ್ಡ್’ ಎಂದಷ್ಟೇ, ಅಂದರೆ 384 ಬೈಟ್. ಮಿಕ್ಕ 84 ಬೈಟ್ ಎಡಿಟರ್‌ನ ಜವಾಬ್ದಾರಿ. ಅದು ಅಲ್ಲಿ 26 ಎಂಬ ಸಂಖ್ಯೆ, ಅಂದರೆ ಕಂಟ್ರೋಲ್-ಝಡ್ ತುಂಬುತ್ತಿತ್ತು. ಕಾಗದ ಸರಿಯಾಗಿ 384 ಬೈಟ್ ಇದ್ದರೆ? ಆಗ ಒಂದೂ ಕಂಟ್ರೋಲ್-ಝಡ್ ಬೇಕಿಲ್ಲ. ರೆಕಾರ್ಡ್ ಮುಗಿದಲ್ಲಿಗೆ ಫೈಲ್ ಮುಗಿಯಿತು.

ಇನ್ನೂ ನಂಬಿಕೆ ಬರಲಿಲ್ಲವೇ? ಸಿಪಿ/ಎಂ ಓಡುತ್ತಿದ್ದ 8080 ಪ್ರೊಸೆಸರ್‌ನಲ್ಲಿ 26 ಎಂಬುದು ಒಂದು ಆದೇಶ: ಡಿ-ಇ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಜೋಡಿ ತೋರಿಸುವ ವಿಳಾಸದಿಂದ ಒಂದು ಬೈಟ್ ತಂದು ಎ ರಿಜಿಸ್ಟರ್‌ಗೆ ಹಾಕು. ದಿನನಿತ್ಯ ಬಳಕೆಯ ಆದೇಶ. 26 ಕಂಡಲ್ಲೆಲ್ಲ ಫೈಲ್ ಮುಗಿಯುವುದಾಗಿದ್ದರೆ ಅಂಥ ಪ್ರೋಗ್ರಾಮ್‌ಗಳೆಲ್ಲ ಅರ್ಧಕ್ಕೇ ತುಂಡಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಕಂಟ್ರೋಲ್-ಝಡ್ ಎಂಬುದು ಪಠ್ಯ ಬರೆಯುವವರು, ಓದುವವರು ತಮ್ಮೊಳಗೆ ಮಾಡಿಕೊಂಡ ಒಪ್ಪಂದ. ಫೈಲ್ ಓದಿಕೊಡುವಾಗ ಆಪರೇಟಿಂಗ್ ಸಿಸ್ಟಮ್ ಅದನ್ನು ನೋಡುತ್ತಲೇ ಇರಲಿಲ್ಲ. ಲ್ಯಾಬ್‌ನಲ್ಲಿ ಟರ್ಬೊ ಸಿ ಕಲಿತವರಿಗೆ ಇನ್ನೊಂದು ಮಾತು: ಸಿ ಭಾಷೆಯ ಇಒಎಫ್ (ಎಂಡ್ ಆಫ್ ಫೈಲ್) ಕೂಡ ಫೈಲಿನೊಳಗಿನ ಅಕ್ಷರವಲ್ಲ. ಓದಲು ಏನೂ ಉಳಿದಿಲ್ಲವೆಂದು ಹೇಳಲು ಫಂಕ್ಷನ್ ಮರಳಿಸುವ ಋಣಸಂಖ್ಯೆ ಅದು.

ನಂತರ ಬಂದ ಆಪರೇಟಿಂಗ್ ಸಿಸ್ಟಮ್, 1981ರ ಡಾಸ್, ಡೈರೆಕ್ಟರಿ ನಮೂದಿನ ಕೊನೆಯ 4 ಬೈಟ್‌ಗಳಲ್ಲಿ ನಿಖರ ಉದ್ದ ಬರೆದಿಟ್ಟಿತು. ಆದರೂ ಹಳೆಯ ಅಭ್ಯಾಸ ಹೋಗಲಿಲ್ಲ: ಕಾಪಿ ಆದೇಶದಿಂದ ಎರಡು ಫೈಲ್ ಜೋಡಿಸುವಾಗ /ಬಿ ಎಂಬ ಸೂಚನೆ ಹಾಕದಿದ್ದರೆ ಅದು ಕಂಟ್ರೋಲ್-ಝಡ್ ಕಂಡಲ್ಲಿ ನಿಲ್ಲುತ್ತಿತ್ತು.

ನೀವು ಕೇಳಲಿಲ್ಲ, ಆದರೂ ಹೇಳಬೇಕು. ಸಿಪಿ/ಎಂನಲ್ಲಿ ಫೈಲ್ ಅಳಿಸಿದರೆ ನಮೂದಿನ ಮೊದಲ ಬೈಟ್ ಮಾತ್ರ 229 ಆಗುತ್ತಿತ್ತು. ಹೆಸರು, ಫೈಲ್ ಡಿಸ್ಕಿನಲ್ಲಿ ಎಲ್ಲಿದೆಯೆಂದು ಹೇಳುವ ಬ್ಲಾಕ್ ಸಂಖ್ಯೆಗಳು ಹಾಗೇ ಉಳಿಯುತ್ತಿದ್ದವು. ಡಾಸ್ ಅದೇ 229 ಉಳಿಸಿಕೊಂಡಿತು. ಆದರೆ ಅಲ್ಲಿ ಮೊದಲ ಬೈಟ್ ಎಂದರೆ ಹೆಸರಿನ ಮೊದಲ ಅಕ್ಷರ. ಅಳಿಸಿದ ಫೈಲ್ ಮರಳಿ ತರುವ ಅನ್‌ಡಿಲೀಟ್ ಆದೇಶ ನಿಮ್ಮನ್ನು ಮೊದಲ ಅಕ್ಷರ ಕೇಳುತ್ತಿದ್ದುದು ಅದಕ್ಕೇ.